ಬೆದೆಯ ಹೊತ್ತು ತಿಳಿದದ್ದು ಹೇಗೆ?

ಜತ್ತ ತಾಲೂಕಿನ ಸಂಖ, ಉಮದಿಗಳ ಕಡೆ ಒಂದೇ ಕೊಟ್ಟಿಗೆಯಲ್ಲಿ ಎರಡು ಭಾಷೆ ಕೇಳಿಬರುತ್ತವೆ. ‘ಆಕಳ ಬೆದಿಗಿ ಬಂದೈತಿ’ ಎಂದು ಕನ್ನಡದವರು ಹೇಳಿದರೆ, ‘ಗಾಯ ಮಾಜಾವರ ಆಲೀ’ ಎಂದು ಮರಾಠಿಯವರು ಹೇಳುತ್ತಾರೆ. ಎರಡರ ಅರ್ಥವೂ ಒಂದೇ: ಗರ್ಭ ನಿಲ್ಲುವ ಹೊತ್ತು ಬಂದಿದೆ.

ಹಿಂದಿನ ಕಾಲದಲ್ಲಿ ಈ ಹೊತ್ತನ್ನು ಮನುಷ್ಯ ಲೆಕ್ಕ ಹಾಕಬೇಕಾಗಿರಲಿಲ್ಲ. ಖಿಲಾರಿ ಹಿಂಡಿನ ಜೊತೆಗೇ ಹೋರಿ ಮೇಯುತ್ತಿತ್ತು. ವಾಸನೆಯಿಂದಲೇ ಅದಕ್ಕೆ ಎಲ್ಲವೂ ತಿಳಿಯುತ್ತಿತ್ತು.

ಶಾಸ್ತ್ರಕ್ಕೆ ಇದು ತಿಳಿಯಲು ತಡವಾಯಿತು. ಇಂಗ್ಲೆಂಡಿನ ವಾಲ್ಟರ್ ಹೀಪ್ 1900ರಲ್ಲಿ ಈ ಅವಸ್ಥೆಗೆ ‘ಈಸ್ಟ್ರಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಮೂಲದಲ್ಲಿ ಅದು ದನಗಳನ್ನು ಕಚ್ಚಿ ಓಡಿಸುವ ನೊಣಕ್ಕೆ ಗ್ರೀಕರು ಇಟ್ಟ ಹೆಸರು! 1923ರಲ್ಲಿ ಅಮೇರಿಕೆಯ ಅಲೆನ್ ಮತ್ತು ಡಾಯ್ಸಿ ಎಂಬವರು, ಬೆದೆ ತರಿಸುವ ರಸ ಅಂಡಾಶಯದಲ್ಲಿ ಹುಟ್ಟುತ್ತದೆಂದು ತೋರಿಸಿದರು.

ನಮ್ಮ ದೇಶದ ಮೊದಲ ಕೃತಕ ಗರ್ಭಧಾರಣೆ ನಡೆದದ್ದು ಕನ್ನಡ ನೆಲದಲ್ಲಿಯೇ. 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅದನ್ನು ಮಾಡಿದರು. ಮಹಾರಾಷ್ಟ್ರದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಉರುಳಿಕಾಂಚನದಲ್ಲಿ ಸ್ಥಾಪಿಸಿದ ಬಾಯಫ್ ಸಂಸ್ಥೆ ಈ ಸೇವೆಯನ್ನು ರೈತರ ಮನೆಬಾಗಿಲಿಗೆ ಒಯ್ದಿತು. ಹೀಗೆ ‘ಇಂಜೆಕ್ಷನ್ನು’ ಬಂದಿತು, ಹೋರಿ ದೂರವಾಯಿತು. ಹೋರಿಗೆ ತಿಳಿದಿದ್ದನ್ನು ಇನ್ನು ಮನೆಯವರೇ ತಿಳಿಯಬೇಕಾಯಿತು.

ಆಕಳ ಬೆದೆ ಸುಮಾರು 18 ತಾಸು ಇರುತ್ತದೆ. ಅದು ಮುಗಿದ 10ರಿಂದ 14 ತಾಸಿಗೆ ಅಂಡ ಹೊರಬೀಳುತ್ತದೆ. ಆದ್ದರಿಂದಲೇ 1940ರ ದಶಕದಲ್ಲಿ ಅಮೇರಿಕೆಯ ಟ್ರಿಂಬರ್ಗರ್ ಮಾಡಿದ ಪ್ರಯೋಗಗಳಿಂದ ಈ ನಿಯಮ ರೂಢಿಗೆ ಬಂತು: ಮುಂಜಾನೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಮುಂಜಾನೆಗೆ ಗರ್ಭಧಾರಣೆ ಮಾಡಿಸಬೇಕು.

ಒದರುವುದು, ಮೇವು ಬಿಡುವುದು, ಮತ್ತೊಂದು ದನ ಮೈಮೇಲೆ ಏರಿದರೂ ಸುಮ್ಮನೆ ನಿಲ್ಲುವುದು, ಎಳೆ ಎಳೆಯಾಗಿ ತಿಳಿ ಲೋಳೆ ಸುರಿಸುವುದು, ಇವು ಗುರುತುಗಳು. ಎಮ್ಮೆಯದು ಮಾತ್ರ ಬಹಳ ಸಲ ಮೂಕ ಬೆದೆ. ಅದರಲ್ಲೂ ಬೇಸಿಗೆಯಲ್ಲಿ ಅದು ರಾತ್ರಿ ಬಂದು ಹೋಗಿಬಿಡುತ್ತದೆ.

ಬ್ಯಾಂಕಿನಲ್ಲಿ ಹೈನದ ಸಾಲದ ಕಂತು ಬರೆದುಕೊಂಡವನು ನಾನು. ಲೆಕ್ಕ ನೋಡಿರಿ: ಒಂದು ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಕರು ಅಷ್ಟು ತಡ, ಹಾಲೂ ಅಷ್ಟು ತಡ. ಮೇವಿನ ಖರ್ಚು ಮತ್ತು ಸಾಲದ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ. ಬರಗಾಲದ ಜತ್ತದಲ್ಲಿ ಆ ಮೂರು ವಾರದ ಕಣಕಿ ಎಲ್ಲಿಂದ ತರುವುದು?

ಆದ್ದರಿಂದ ಬೆದೆ ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. 18ನೆಯ ದಿನದಿಂದ ಹೊತ್ತು ಮೂಡುವಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ ಕಂದೀಲು ಹಿಡಿದಾದರೂ ಕೊಟ್ಟಿಗೆಗೆ ಹೋಗಿ ನೋಡಿರಿ. ಸೆಗಣಿ ಬಳಿಯುವ ತಾಯಂದಿರನ್ನೂ ಕೇಳಿರಿ, ಬಹಳ ಸಲ ಅವರಿಗೇ ಮೊದಲು ಗೊತ್ತಾಗಿರುತ್ತದೆ.