ಬ್ರಿಡ್ಜ್‌ನ ಆಚೆಗೆ: ಹಾಟ್‌ಪ್ಲಗ್ ಬೆಳೆದ ದಾರಿ ಮತ್ತು ಬೆಂಗಳೂರಿನ ಪಾಲು

ಓಡುತ್ತಿರುವ ಕಂಪ್ಯೂಟರನ್ನು ನಿಲ್ಲಿಸದೆ ಅದಕ್ಕೆ ಕಾರ್ಡ್, ಡಿಸ್ಕ್ ಅಥವಾ ಪ್ರೊಸೆಸರನ್ನು ಸೇರಿಸುವುದಕ್ಕೂ ಕಳಚುವುದಕ್ಕೂ ಹಾಟ್‌ಪ್ಲಗ್ ಎಂದು ಹೆಸರು. ಕಾರ್ಡನ್ನು ಸ್ಲಾಟಿಗೆ ಕೂರಿಸುವುದು ಕೈಕೆಲಸ. ಅದು ಒಂದು ಬ್ರಿಡ್ಜ್‌ನ ಆಚೆಗಿದ್ದರೆ ಅದಕ್ಕೊಂದು ವಿಳಾಸ ಹುಡುಕಿಕೊಡುವುದು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೆಲಸ. ಕಷ್ಟವಿರುವುದು ಅಲ್ಲಿ.

ಇಂಟೆಲ್ 1992ರಲ್ಲಿ ಹೊರತಂದ ಪಿಸಿಐ ವ್ಯವಸ್ಥೆಯಲ್ಲಿ ಸಾಧನಗಳನ್ನು ಜೋಡಿಸುವ ಬಸ್ಸುಗಳ ಸಂಖ್ಯೆ 256ನ್ನು ಮೀರುವಂತಿಲ್ಲ. ಒಂದೊಂದು ಬಸ್ಸಿಗೆ 32 ಸಾಧನಗಳು. ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಬ್ರಿಡ್ಜ್. ಈಚೆಯ ಬಸ್ ಯಾವುದು, ಆಚೆಯದು ಯಾವುದು, ಆಚೆಗಿರುವ ಬಸ್ಸುಗಳಲ್ಲಿ ಕಡೆಯದು ಯಾವುದು ಎಂಬ ಮೂರು ಅಂಕಿಗಳನ್ನು ಬ್ರಿಡ್ಜ್ ನೆನಪಿಟ್ಟುಕೊಳ್ಳುತ್ತದೆ. ಜೊತೆಗೆ ಅದಕ್ಕೊಂದು ಮೆಮೊರಿ ಕಿಟಕಿ ಇರುತ್ತದೆ. ಆ ಕಿಟಕಿಯನ್ನು 1 ಎಂಬಿಯ ಲೆಕ್ಕದಲ್ಲೇ ಅಳೆಯಬೇಕು, ಅದರೊಳಗೆ ಬೀಳುವ ವಿಳಾಸಗಳು ಮಾತ್ರ ಬ್ರಿಡ್ಜನ್ನು ದಾಟುತ್ತವೆ. ಯಂತ್ರ ಶುರುವಾಗುವಾಗ ಬಯೋಸ್ ಇದ್ದ ಸಾಧನಗಳನ್ನು ಎಣಿಸಿ, ಎಡೆಯಿಲ್ಲದಂತೆ ಜಾಗ ಹಂಚಿಬಿಡುತ್ತಿತ್ತು. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತೆ ಹಳ್ಳಿಯೊಂದು ಬಡಾವಣೆಯಾಗಿ ಬೆಳೆಯುವ ಕಡೆ, ಎರಡನೇ ಮತ್ತು ಮೂರನೇ ಕ್ರಾಸ್‌ಗಳ ನಡುವೆ ಹೊಸ ರಸ್ತೆ ಹುಟ್ಟಿದರೆ ಅದಕ್ಕೆ 2ನೇ ಎ ಕ್ರಾಸ್ ಎಂದು ಹೆಸರಿಟ್ಟು ಮುಂದೆ ಹೋಗಬಹುದು. ಪಿಸಿಐ ಬಸ್ಸುಗಳಿಗೆ ಆ ಅನುಕೂಲವಿಲ್ಲ. 2 ಮತ್ತು 3 ಎರಡೂ ಹಂಚಿಹೋಗಿದ್ದರೆ ನಡುವೆ ಮತ್ತೊಂದು ಅಂಕಿ ಇಲ್ಲ.

ಸರ್ವರ್‌ಗಳಿಗಾಗಿ ಪಿಸಿಐ ಹಾಟ್‌ಪ್ಲಗ್‌ನ ಮೊದಲ ನಿರ್ದಿಷ್ಟತೆ ಬಂದದ್ದು 1997ರಲ್ಲಿ. ಲ್ಯಾಪ್‌ಟಾಪ್‌ಗಳ ಕಾರ್ಡ್‌ಬಸ್ ಸಾಕೆಟ್ ಕೂಡ ಒಳಗಿನಿಂದ ಒಂದು ಬ್ರಿಡ್ಜೇ ಆಗಿತ್ತು. ಲಿನಕ್ಸ್ ಕರ್ನಲ್‌ನಲ್ಲಿ ಪಿಸಿಐ ಹಾಟ್‌ಪ್ಲಗ್‌ಗೆ ಸಾಮಾನ್ಯ ಚೌಕಟ್ಟು ದೊರೆತದ್ದು 2001ರ ನವೆಂಬರಿನ 2.4.15 ಆವೃತ್ತಿಯಲ್ಲಿ, ಕಾಂಪ್ಯಾಕ್ ಸರ್ವರ್‌ಗಳ ಡ್ರೈವರ್ ಜೊತೆಗೆ. ಆರಂಭದ ಇಂಥ ಡ್ರೈವರ್‌ಗಳು ಖಾಲಿ ಜಾಗದ ಲೆಕ್ಕವನ್ನು ತಮ್ಮ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದವು.

ಸೇರಿಸುವುದಕ್ಕಿಂತ ಕಳಚುವುದು ಇನ್ನೂ ಕಷ್ಟ, ಬೆಂಗಳೂರಿನ ಕೊಡುಗೆ ದೊಡ್ಡದಿರುವುದು ಅದರಲ್ಲೇ. ಕರ್ನಲ್ ತನ್ನ ವಶದಲ್ಲಿರುವುದನ್ನೆಲ್ಲ ಪಟ್ಟಿಗಳಲ್ಲಿ ಪೋಣಿಸಿಟ್ಟುಕೊಂಡಿರುತ್ತದೆ. ಒಂದು ಪ್ರೊಸೆಸರ್ ಪಟ್ಟಿಯನ್ನು ಓದುತ್ತಿರುವಾಗಲೇ ಇನ್ನೊಂದು ಅದರಿಂದ ಒಂದು ನಮೂದನ್ನು ಕಿತ್ತು, ಆ ಮೆಮೊರಿಯನ್ನು ಬೇರೆ ಕೆಲಸಕ್ಕೆ ಕೊಟ್ಟುಬಿಟ್ಟರೆ ಓದುತ್ತಿದ್ದ ಪ್ರೊಸೆಸರ್‌ಗೆ ಸಿಗುವುದು ಕಸ. ಪ್ರತಿ ಓದಿಗೂ ಬೀಗ ಹಾಕುತ್ತ ಕೂತರೆ ಇಡೀ ಯಂತ್ರ ನಿಧಾನವಾಗುತ್ತದೆ. ನಮೂದನ್ನು ಪಟ್ಟಿಯಿಂದ ಬಿಡಿಸಿ, ಅದಕ್ಕೂ ಮೊದಲು ಓದಲು ತೊಡಗಿದವರೆಲ್ಲ ಮುಗಿಸುವ ತನಕ ಮೆಮೊರಿಯನ್ನು ಮುಟ್ಟದೆ ಕಾಯುವುದು ಆರ್‌ಸಿಯು ಎಂಬ ವಿಧಾನ. ಇದನ್ನು ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿ ರೂಪಿಸಿದ್ದರು. 1999ರಲ್ಲಿ ಸೀಕ್ವೆಂಟ್ ಐಬಿಎಂ ಕೈ ಸೇರಿತು. ಐಬಿಎಂನ ಬೆಂಗಳೂರು ತಂಡದ ದೀಪಂಕರ್ ಸರ್ಮಾ ಇದನ್ನು ಲಿನಕ್ಸ್‌ಗೆ ಹೊಂದಿಸಿದರು. 2001ರಲ್ಲಿ ಒಟ್ಟಾವಾದ ಲಿನಕ್ಸ್ ಸಮಾವೇಶದಲ್ಲಿ ಮಂಡನೆಯಾದ ಆರ್‌ಸಿಯು ಪ್ರಬಂಧದ ಲೇಖಕರಲ್ಲಿ ಅವರೂ ಅದೇ ತಂಡದ ಮನೀಶ್ ಸೋನಿಯೂ ಇದ್ದರು. 2002ರ ಅಕ್ಟೋಬರಿನಲ್ಲಿ ಆರ್‌ಸಿಯು ಮುಖ್ಯ ಕರ್ನಲ್‌ಗೆ ಸೇರಿತು.

2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ ಸಾಧನಗಳ ವಂಶವೃಕ್ಷವನ್ನು ಸಿಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ತೋರಿಸತೊಡಗಿತು. ಬ್ರಿಡ್ಜ್‌ಗೆ ಒಂದು ಡೈರೆಕ್ಟರಿ, ಅದರೊಳಗೆ ಬ್ರಿಡ್ಜ್‌ನ ಆಚೆಗಿರುವ ಸಾಧನಗಳ ಡೈರೆಕ್ಟರಿಗಳು. ಓದುವವರಿಗೆ ಇದು ಸೊಗಸು. ಆದರೆ ಸಾವಿರಾರು ಡಿಸ್ಕ್‌ಗಳಿರುವ ಸರ್ವರಿನಲ್ಲಿ ಯಾರೂ ತೆರೆಯದ ನಮೂದುಗಳೂ ಮೆಮೊರಿಯಲ್ಲಿ ಬೇರೂರಿ ಕೂರುತ್ತಿದ್ದವು. ಬೇಕಾದಾಗ ಮಾತ್ರ ಅವನ್ನು ಕಟ್ಟಿ, ಬೇಡವಾದಾಗ ಬಿಡುವ ಏರ್ಪಾಟನ್ನು 2004ರಲ್ಲಿ ಮನೀಶ್ ಸೋನಿ ಸೇರಿಸಿದರು. ಅದೇ ವರ್ಷ ಒಟ್ಟಾವಾದಲ್ಲಿ ಮಂಡಿಸಿದ ಪ್ರೊಸೆಸರ್ ಹಾಟ್‌ಪ್ಲಗ್ ಪ್ರಬಂಧದ ಐವರು ಲೇಖಕರಲ್ಲಿ ಐಬಿಎಂನ ಶ್ರೀವತ್ಸ ವಡ್ಡಗಿರಿ ಒಬ್ಬರು. ಆ ವರ್ಷಗಳಲ್ಲಿ ನಗರದಲ್ಲಿ ಇಂಥ ಮಾತುಕತೆಗೆ ನೆಲೆಯೂ ಇತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಶುರುವಾದ ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಆಯಿತು, 2012ರವರೆಗೆ ನಡೆಯಿತು. ಬೆಂಗಳೂರೆಂದರೆ ಹೊರಗುತ್ತಿಗೆಯ ಊರು ಎಂಬ ಮಾತು ಜೋರಾಗಿದ್ದ ಕಾಲದಲ್ಲೇ ಕರ್ನಲ್‌ನ ಇಂಥ ಮೂಲಭೂತ ಕೆಲಸ ಇಲ್ಲಿ ನಡೆಯಿತೆಂಬುದನ್ನು ಕನ್ನಡದಲ್ಲಿ ಬರೆದಿಡುವ ಅಗತ್ಯವಿದೆ.

ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಬ್ರಿಡ್ಜ್ ಅಪರೂಪದ ವಸ್ತುವಾಗಿ ಉಳಿಯಲಿಲ್ಲ. ಅದರಲ್ಲಿ ಪ್ರತಿ ಸ್ಲಾಟ್ ಕೂಡ ಒಂದು ಬ್ರಿಡ್ಜ್‌ನ ಆಚೆಗೇ ಇರುತ್ತದೆ. ಸ್ವಿಚ್ ಎಂದರೆ ಬ್ರಿಡ್ಜ್‌ಗಳ ಗೊಂಚಲು. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಹಾಟ್‌ಪ್ಲಗ್‌ಗೆ ಪ್ರತ್ಯೇಕ ಡ್ರೈವರ್ ಬಂತು. 2005ರಲ್ಲಿ ಫರ್ಮ್‌ವೇರ್ ಒದಗಿಸುವ ಎಸಿಪಿಐ ವಿವರಗಳನ್ನು ಆಧರಿಸಿದ ಡ್ರೈವರ್ ತನ್ನ ಸ್ವಂತ ಲೆಕ್ಕವನ್ನು ಬಿಟ್ಟು, ಜಾಗ ಹಂಚುವ ಕೆಲಸವನ್ನು ಕರ್ನಲ್‌ನ ಸಾಮಾನ್ಯ ಪಿಸಿಐ ಭಾಗಕ್ಕೆ ಒಪ್ಪಿಸಿತು. ಮುಂದೆ ಬರುವವರಿಗಾಗಿ ಖಾಲಿ ಜಾಗ ಕಾದಿರಿಸುವ ಪದ್ಧತಿಯೂ ಬೆಳೆಯಿತು. ಹಾಟ್‌ಪ್ಲಗ್ ಬ್ರಿಡ್ಜ್‌ಗೆ ಕರ್ನಲ್ ಮೀಸಲಿಡುವ ಮೆಮೊರಿ ಬೇರೆ ಆದೇಶವಿಲ್ಲದಿದ್ದರೆ 2 ಎಂಬಿ. ನೆಟ್‌ವರ್ಕ್ ಕಾರ್ಡಿಗೆ ಇದು ಸಾಕಾಗಬಹುದು, ಗ್ರಾಫಿಕ್ಸ್ ಕಾರ್ಡಿಗೆ ಏನೇನೂ ಸಾಲದು.

ಪಿಸಿಐ ಎಕ್ಸ್‌ಪ್ರೆಸನ್ನು ಕೇಬಲಿನಲ್ಲಿ ಸಾಗಿಸುವ, 2011ರಲ್ಲಿ ಬಂದ ಥಂಡರ್‌ಬೋಲ್ಟ್ ಜಾಗದ ಈ ಕೊರತೆಯನ್ನು ಮೇಜಿನ ಮೇಲಕ್ಕೇ ತಂದಿತು. ಒಂದು ಪೋರ್ಟಿಗೆ ಆರು ಸಾಧನಗಳನ್ನು ಸರಪಳಿಯಂತೆ ಜೋಡಿಸಬಹುದು, ಸರಪಳಿಯ ಕೊಂಡಿಗಳಲ್ಲಿ ಸ್ವಿಚ್‌ಗಳಿರುತ್ತವೆ. ಮೊದಲ ಸಾಧನವೇ ಇದ್ದ ಬಸ್ ಸಂಖ್ಯೆಗಳನ್ನೆಲ್ಲ ಬಳಸಿಕೊಂಡರೆ ಎರಡನೆಯದಕ್ಕೆ ಏನೂ ಉಳಿಯದು. ಮಿಕ್ಕ ಸಂಖ್ಯೆಗಳನ್ನು ಹಾಟ್‌ಪ್ಲಗ್ ಸಾಮರ್ಥ್ಯವಿರುವ ಬ್ರಿಡ್ಜ್‌ಗಳಿಗೆ ಹಂಚಿಕೊಡುವ ಬದಲಾವಣೆ 2018ರ ಜನವರಿಯ 4.15 ಆವೃತ್ತಿಯಲ್ಲಿ ಬಂತು. ಹೇಳದೆ ಕೇಳದೆ ಕೇಬಲ್ ಕಿತ್ತರೆ ಸಾಧನದಿಂದ ಬರುವ ಉತ್ತರದ ಬಿಟ್‌ಗಳೆಲ್ಲ 1 ಆಗಿರುತ್ತವೆ. ಅದು ಉತ್ತರವಲ್ಲ, ಸಾಧನವೇ ಇಲ್ಲವೆಂಬ ಸೂಚನೆ. ಇದನ್ನು ಪ್ರತಿ ಡ್ರೈವರ್ ಗುರುತಿಸಬೇಕು.

ಕೆಲಸ ಇನ್ನೂ ಮುಗಿದಿಲ್ಲ. ಐಬಿಎಂನ ಪವರ್ ಸರ್ವರ್‌ಗಳಲ್ಲಿ ಸ್ವಿಚ್ ಇರುವ ಸ್ಲಾಟನ್ನು ಆರಿಸಿ ಮತ್ತೆ ಹಚ್ಚಿದರೆ ಅದರ ಮೊದಲ ಪೋರ್ಟ್ ಮಾತ್ರ ಎಚ್ಚರಗೊಂಡು, ಉಳಿದ ಪೋರ್ಟ್‌ಗಳೂ ಅವುಗಳ ಆಚೆಗಿನ ಸಾಧನಗಳೂ ಕಾಣೆಯಾಗಿಯೇ ಉಳಿಯುತ್ತಿದ್ದವು. ಆ ದೋಷ ಸರಿಹೋದದ್ದು 2024ರಲ್ಲಿ. ಚಾಲನೆಯಲ್ಲಿರುವ ಸಾಧನಗಳ ವಿಳಾಸಗಳನ್ನೇ ಸರಿಸಿ ಹೊಸಬರಿಗೆ ಜಾಗ ಮಾಡಿಕೊಡುವ ಪ್ರಸ್ತಾವವೊಂದು ಅದಕ್ಕೂ ಕೆಲವು ವರ್ಷ ಮೊದಲೇ ಬಂದಿತ್ತು. ಅದು ಮುಖ್ಯ ಕರ್ನಲ್‌ಗೆ ಸೇರಲಿಲ್ಲ.