ಮೊದಲು ಕೈಮಾಡಿದವರು ಯಾರು?

ಕಳ್ಳನನ್ನು ಹಿಡಿಯುವ ಪೊಲೀಸರ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಆದರೆ ಆ ಪೊಲೀಸರ ಸಂಬಳಕ್ಕಾಗಿ, ಮನಸ್ಸಿಲ್ಲದವರಿಂದಲೂ ತೆರಿಗೆ ವಸೂಲು ಮಾಡುವುದು ನ್ಯಾಯವೇ? ಪಶ್ಚಿಮದ ಲಿಬರ್ಟೇರಿಯನ್ ಚಿಂತಕರನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು.

ವ್ಯಕ್ತಿಸ್ವಾತಂತ್ರ್ಯವೇ ಮುಖ್ಯ ಎನ್ನುವ ಈ ಪಂಥದ ಅನೇಕರಿಗೆ ಅನಾಕ್ರಮಣ ತತ್ವವೇ ತಳಹದಿ. ಇನ್ನೊಬ್ಬರ ದೇಹ ಅಥವಾ ಆಸ್ತಿಯ ಮೇಲೆ ಯಾರೂ ತಾವಾಗಿ ಮೊದಲು ಕೈಮಾಡಬಾರದು ಎಂಬುದು ಅದರ ಸಾರ. ಇದು ಗಾಂಧೀಜಿಯ ಅಹಿಂಸೆಯಲ್ಲ. ಮೇಲೆ ಬಿದ್ದವನನ್ನು ಬಲದಿಂದಲೇ ಎದುರಿಸಲು ಇಲ್ಲಿ ಅಡ್ಡಿಯಿಲ್ಲ. ತೊಡಕಿರುವುದು ಕಡ್ಡಾಯ ತೆರಿಗೆಯಲ್ಲಿ, ಮತ್ತು ರಕ್ಷಣೆ ನೀಡುವ ಹಕ್ಕು ಸರ್ಕಾರವೊಂದಕ್ಕೇ ಮೀಸಲು ಎಂಬುದರಲ್ಲಿ.

ಬೆಲ್ಜಿಯಂ ಮೂಲದ ಅರ್ಥಶಾಸ್ತ್ರಜ್ಞ ಗುಸ್ತಾವ್ ದ ಮೊಲಿನಾರಿ 1849ರಲ್ಲೇ ಇದಕ್ಕೊಂದು ಉತ್ತರ ಕೊಟ್ಟ. ಇತರ ಸರಕುಗಳಂತೆ ರಕ್ಷಣೆಯನ್ನೂ ಪೈಪೋಟಿಯ ಮಾರುಕಟ್ಟೆಗೆ ಬಿಡಬೇಕೆಂಬುದು ಅವನ ವಾದ. ಅವನ ಜೊತೆಗಾರ ಉದಾರವಾದಿಗಳೇ ಅದನ್ನು ಒಪ್ಪಲಿಲ್ಲ. 20ನೇ ಶತಮಾನದಲ್ಲಿ ಅಮೆರಿಕದ ಮರ್ರೆ ರಾತ್‌ಬಾರ್ಡ್ ಇದೇ ಜಾಡು ಹಿಡಿದು, ಪೊಲೀಸ್ ಹಾಗೂ ನ್ಯಾಯಾಲಯಗಳೆರಡೂ ಖಾಸಗಿಯಾಗಲಿ ಎಂದರು. ಲೇಖಕಿ ಆಯ್ನ್ ರಾಂಡ್ ಇದನ್ನು ಖಂಡಿಸಿದರು. ಪೈಪೋಟಿಯ ಪೊಲೀಸ್ ಪಡೆಗಳು ಬೀದಿಯಲ್ಲೇ ಕಾದಾಡುತ್ತವೆ ಎಂಬುದು ಅವರ ಆತಂಕ. ಇಂಥ ಪಡೆಗಳಲ್ಲಿ ಒಂದು ಬಲಿಷ್ಠವಾಗಿ, ಯಾರ ಹಕ್ಕನ್ನೂ ಮುರಿಯದೆ ಕೊನೆಗೆ ಕಿರು ಸರ್ಕಾರವೇ ಆಗಬಲ್ಲದು ಎಂದು ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ವಾದಿಸಿದರು.

ಈ ವಾದಗಳನ್ನು ಒರೆಗೆ ಹಚ್ಚಬಲ್ಲ ಪ್ರಸಂಗವೊಂದು ಅಮೆರಿಕದ ಇತಿಹಾಸದಲ್ಲಿದೆ. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿ ಕೂಲಿಯ ವಿವಾದ ಬಿಗಡಾಯಿಸಿ ಕಾರ್ನೆಗಿ ಉಕ್ಕಿನ ಕಂಪೆನಿ ಕಾರ್ಖಾನೆಗೆ ಬೀಗ ಹಾಕಿತು. ಕಾರ್ಮಿಕರು ಕಾರ್ಖಾನೆಯನ್ನು ಸುತ್ತುವರಿದು, ಹೊರಗಿನವರು ಒಳಹೋಗದಂತೆ ಕಾವಲು ನಿಂತರು. ಕಂಪೆನಿ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಸುಮಾರು 300 ಸಶಸ್ತ್ರ ಕಾವಲುಗಾರರನ್ನು ಕರೆಸಿತು. ಜುಲೈ 6ರ ನಸುಕಿನಲ್ಲಿ ದೋಣಿಗಳಲ್ಲಿ ಬಂದ ಅವರಿಗೂ ಕಾರ್ಮಿಕರಿಗೂ ನದಿಯ ದಡದಲ್ಲೇ ಗುಂಡಿನ ಕಾಳಗ ನಡೆಯಿತು. ಎರಡೂ ಕಡೆ ಸಾವುನೋವಾಯಿತು. ಕೊನೆಗೆ ಕಾರ್ಖಾನೆಯನ್ನು ಕಂಪೆನಿಗೆ ಬಿಡಿಸಿಕೊಟ್ಟದ್ದು ರಾಜ್ಯ ಸರ್ಕಾರ ಕಳಿಸಿದ ಸಾವಿರಾರು ಸೈನಿಕರು. ಪಿಂಕರ್ಟನ್‌ನಂಥ ಸಂಸ್ಥೆಗಳ ಸಿಬ್ಬಂದಿಯನ್ನು ಕೇಂದ್ರ ಸರ್ಕಾರ ನೇಮಿಸಿಕೊಳ್ಳಬಾರದೆಂದು 1893ರಲ್ಲಿ ಕಾನೂನೇ ಬಂತು.

ಮೊದಲ ಗುಂಡು ಹಾರಿಸಿದವರು ಯಾರೆಂಬುದು ಇಂದಿಗೂ ವಿವಾದವೇ. ತನ್ನ ಆಸ್ತಿಯನ್ನು ಕಾಪಾಡಿಕೊಳ್ಳುತ್ತಿರುವುದಾಗಿ ಕಂಪೆನಿ ಹೇಳಿತು. ತಮ್ಮ ಬದುಕನ್ನು ಉಳಿಸಿಕೊಳ್ಳುತ್ತಿರುವುದಾಗಿ ಕಾರ್ಮಿಕರು ಹೇಳಿದರು. ಇಬ್ಬರ ಕಣ್ಣಿಗೂ ಎದುರಾಳಿಯೇ ಆಕ್ರಮಣಕಾರ.

ಅನಾಕ್ರಮಣ ತತ್ವದ ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ. ಮೊದಲು ಕೈಮಾಡಿದವನು ತಪ್ಪಿತಸ್ಥ ಎಂದು ಅದು ಹೇಳುತ್ತದೆ. ಮೊದಲು ಕೈಮಾಡಿದವನು ಯಾರೆಂದು ತೀರ್ಮಾನಿಸುವವರು ಯಾರು ಎಂಬುದನ್ನು ಹೇಳುವುದಿಲ್ಲ. ಪೊಲೀಸರಿಗೆ ಸಂಬಳ ಖಜಾನೆಯಿಂದ ಬರಲಿ, ಕಂಪೆನಿಯಿಂದ ಬರಲಿ, ಆ ತೀರ್ಮಾನ ಸಂಬಳ ಕೊಡುವವರ ಕೈಯಲ್ಲೇ ಉಳಿದರೆ ಲಾಠಿ ಬೀಸುವುದು ಅವರ ಪರವಾಗಿಯೇ.