ಆಟದಿಂದ ವಿನಾಯಿತಿ



1990ರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಎಂ.ಬಿ.ಬಿ.ಎಸ್. ಮುಗಿಸಿ, ನಮ್ಮ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆದವೆಂದರೆ ಹೊರರೋಗಿ ವಿಭಾಗದ ಮುಂದೆ ಒಂದು ಬಗೆಯ ಸಾಲು ನಿಲ್ಲುತ್ತಿತ್ತು. ಪೋಲಿಯೊದಿಂದ ಕಾಲು ಸೊರಗಿದ ಮಕ್ಕಳು, ಜೊತೆಗೆ ಅವರ ಅಪ್ಪಂದಿರು. ಅವರಿಗೆ ಬೇಕಾದದ್ದು ಔಷಧಿಯಲ್ಲ, ಚೀಟಿ. 'ಈ ವಿದ್ಯಾರ್ಥಿಗೆ ಆಟೋಟಗಳಿಂದ ವಿನಾಯಿತಿ ನೀಡಬಹುದು' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡುತ್ತಿದ್ದೆ. ಉಪಕಾರ ಮಾಡಿದೆನೆಂಬ ಸಮಾಧಾನವೂ ನನಗಿತ್ತು. ಒಂದು ದಿನ ಒಂಬತ್ತು-ಹತ್ತು ವರ್ಷದ ಹುಡುಗಿಯೊಬ್ಬಳು ಚೀಟಿಯನ್ನೇ ನೋಡುತ್ತಾ, "ಹಂಗಾದ್ರೆ ನಾನು ಆಡೋ ಹಂಗೇ ಇಲ್ವಾ ಡಾಕ್ಟ್ರೇ?" ಎಂದಳು. ನಾನು ನಕ್ಕು ಅವಳ ತಲೆ ಸವರಿ ಕಳುಹಿಸಿದೆ. ಉತ್ತರ ಕೊಡಲಿಲ್ಲ.

ಕೆಲವು ವರ್ಷಗಳ ಅನಂತರ ಹೆಚ್ಚಿನ ತರಬೇತಿಗೆಂದು ಇಂಗ್ಲೆಂಡಿಗೆ ಹೋದಾಗ ಆ ಉತ್ತರ ಅಲ್ಲಿ ಸಿಕ್ಕಿತು. ಲಂಡನ್ನಿನ ವಾಯವ್ಯಕ್ಕೆ ಸ್ಟೋಕ್ ಮ್ಯಾಂಡವಿಲ್ ಎಂಬ ಊರಿದೆ. ನಾಜಿಗಳ ಕಾಟದಿಂದ ತಪ್ಪಿಸಿಕೊಂಡು 1939ರಲ್ಲಿ ಜರ್ಮನಿಯಿಂದ ಬಂದಿದ್ದ ನರರೋಗ ತಜ್ಞ ಲುಡ್ವಿಗ್ ಗುಟ್‌ಮನ್, 1944ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗವನ್ನು ವಹಿಸಿಕೊಂಡರು. ಅದುವರೆಗೆ ಅಂಥ ರೋಗಿಗಳನ್ನು ಹಾಸಿಗೆಯಲ್ಲಿ ಮಲಗಿಸಿಬಿಡುತ್ತಿದ್ದರು. ಬೆನ್ನಹುಣ್ಣು, ಮೂತ್ರದ ಸೋಂಕು ತಗಲಿ ಬಹಳಷ್ಟು ಮಂದಿ ಬೇಗನೆ ಸಾಯುತ್ತಿದ್ದರು. ಗುಟ್‌ಮನ್ ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು, ಕೂರಿಸಿದರು, ಕೊನೆಗೆ ಆಟಕ್ಕೆ ಇಳಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಮಾಜಿ ಸೈನಿಕರು ಬಿಲ್ಲು ಹಿಡಿದು ಸ್ಪರ್ಧಿಸಿದರು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಕ್ರೀಡಾಪಟುಗಳು ಸೇರಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಹೀಗೆ. ಆಟ ಇಲ್ಲಿ ರೋಗಿಗೆ ಅಪಾಯವಾಗಿರಲಿಲ್ಲ, ಚಿಕಿತ್ಸೆಯೇ ಆಗಿತ್ತು. ನಾನು ಬರೆದ ಚೀಟಿಗಳೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

ಅಷ್ಟು ದೂರದ ಉದಾಹರಣೆಯೇಕೆ? ನಮ್ಮ ಉಡುಪಿ ಜಿಲ್ಲೆಯ ಕೋಟದ ಮಾಲತಿ ಹೊಳ್ಳರನ್ನೇ ನೋಡಿ. 1958ರಲ್ಲಿ ಹುಟ್ಟಿದ ಅವರಿಗೆ ಎಳೆಗೂಸಾಗಿದ್ದಾಗಲೇ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. ಬಾಲ್ಯದ ಬಹುಭಾಗ ಆಸ್ಪತ್ರೆಯಲ್ಲೇ ಕಳೆಯಿತು, ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಆದರೂ ಬ್ಯಾಂಕಿನ ನೌಕರಿ ಮಾಡುತ್ತಲೇ ಗಾಲಿಕುರ್ಚಿಯ ಓಟ, ಗುಂಡು ಎಸೆತ, ಭರ್ಜಿ ಎಸೆತಗಳಲ್ಲಿ ದೇಶದ ಹೆಸರು ಎತ್ತಿದರು. ಸೋಲ್ ಪ್ಯಾರಾಲಿಂಪಿಕ್ಸಿಗೆ ಹೋಗಿಬಂದರು. 2001ರಲ್ಲಿ ಪದ್ಮಶ್ರೀ ಬಂತು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎಡಗಾಲಿನ ಊನವನ್ನು ಹೊತ್ತೇ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಪದಕ ಅದೊಂದೇ! ಈ ಇಬ್ಬರು ಎಳೆಯರಾಗಿದ್ದಾಗ ನನ್ನಂಥ ವೈದ್ಯನ ಕೈಗೆ ಸಿಕ್ಕಿದ್ದರೆ ಅವರಿಗೂ ಒಂದೊಂದು ಚೀಟಿ ಹೋಗುತ್ತಿತ್ತೋ ಏನೋ.

ಆದರೆ ಪದಕ ಗೆಲ್ಲುವವರು ಸಾವಿರಕ್ಕೊಬ್ಬರು. ಮಿಕ್ಕ ಮಕ್ಕಳಿಗೆ ಬೇಕಾದದ್ದು ಸಂಜೆ ಒಂದು ಗಂಟೆಯ ಆಟ. ಬೆಂಗಳೂರಿನಲ್ಲಿ ಅಂಥ ಮಕ್ಕಳ ತಂದೆತಾಯಿಯರು 2000ದ ದಶಕದಲ್ಲಿ 'ಕಿಲಿಕಿಲಿ' ಎಂಬ ಸಂಸ್ಥೆ ಕಟ್ಟಿ, ಮಹಾನಗರ ಪಾಲಿಕೆಯ ಜೊತೆ ಸೇರಿ ಕೋಲ್ಸ್ ಪಾರ್ಕ್, ಬಸವನಗುಡಿಯ ಕೃಷ್ಣರಾವ್ ಪಾರ್ಕ್ ಮುಂತಾದೆಡೆ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಆಟದ ಜಾಗ ಮಾಡಿಸಿದರು. ಅವರು ಅಂಗವಿಕಲ ಮಕ್ಕಳಿಗೆಂದು ಬೇರೆ ಪಾರ್ಕ್ ಕೇಳಲಿಲ್ಲ, ಇದ್ದ ಪಾರ್ಕಿನ ಬಾಗಿಲನ್ನೇ ಅಗಲ ಮಾಡಿ ಎಂದರು. ಇದಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು, ಗಾಲಿ ಹೂಳದ ಗಟ್ಟಿ ನೆಲ, ಬೆನ್ನಿಗೆ ಆಸರೆಯಿರುವ ಉಯ್ಯಾಲೆ, ಹೋಗಿಬರಲು ಅಗಲವಾದ ಶೌಚಾಲಯ.

ಇನ್ನು ನಾವು ಉಣ್ಣುವ ಅನ್ನದ ನಾಡು ಕತಾರಿನ ವಿಚಾರ. ಅಂಗವಿಕಲರ ಹಕ್ಕುಗಳ ಬಗ್ಗೆ ಇಲ್ಲಿ 2004ರಲ್ಲೇ ಕಾನೂನು ಬಂತು. ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟರೆ ಕತಾರ್ 2008ರಲ್ಲಿ ಕೊಟ್ಟಿತು. 2012ರಿಂದ ಫೆಬ್ರವರಿಯ ಎರಡನೆಯ ಮಂಗಳವಾರ ರಾಷ್ಟ್ರೀಯ ಕ್ರೀಡಾ ದಿನ, ಅಂದು ದೇಶಕ್ಕೇ ರಜೆ. 2015ರ ಅಕ್ಟೋಬರಿನಲ್ಲಿ ಅಂಗವಿಕಲರ ವಿಶ್ವ ಅಥ್ಲೆಟಿಕ್ಸ್ ಕೂಟ ದೋಹಾದಲ್ಲೇ ನಡೆಯಿತು. ಮರುವರ್ಷ ರಿಯೊದಲ್ಲಿ ಅಬ್ದುಲ್ ರಹಮಾನ್ ಅಬ್ದುಲ್ ಖಾದರ್ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದು ಕತಾರಿಗೆ ಮೊದಲ ಪ್ಯಾರಾಲಿಂಪಿಕ್ ಪದಕ ತಂದರು. 2022ರ ವಿಶ್ವಕಪ್ ಫುಟ್ಬಾಲ್ ಉದ್ಘಾಟನೆಯಲ್ಲಿ, ಹುಟ್ಟಿನಿಂದಲೇ ಸೊಂಟದ ಕೆಳಭಾಗ ಬೆಳೆಯದ ತರುಣ ಘಾನಿಮ್ ಅಲ್ ಮುಫ್ತಾಹ್ ಜಗತ್ತನ್ನು ಸ್ವಾಗತಿಸಿದ್ದನ್ನು ನೀವೆಲ್ಲ ನೋಡಿದ್ದೀರಿ. ಗದ್ದಲ ತಾಳಲಾರದ ಆಟಿಸಂ ಮಕ್ಕಳು ಶಾಂತವಾಗಿ ಕುಳಿತು ಪಂದ್ಯ ನೋಡಲೆಂದು ಕೆಲವು ಕ್ರೀಡಾಂಗಣಗಳಲ್ಲಿ ಪ್ರತ್ಯೇಕ ಕೋಣೆಗಳಿದ್ದವು.

'ಎಲ್ಲರಿಗೂ' ಎಂಬ ಮಾತಿಗೆ ಇನ್ನೊಂದು ಮಗ್ಗುಲೂ ಉಂಟು. ದೋಹಾದ ಕೆಲವು ಉದ್ಯಾನಗಳಲ್ಲಿ ವಾರದ ಕೆಲವು ದಿನ 'ಕುಟುಂಬದವರಿಗೆ ಮಾತ್ರ' ಎಂಬ ನಿಯಮ ಇದ್ದದ್ದು ಹಳಬರಿಗೆ ನೆನಪಿರಬಹುದು. ಸಂಸಾರವನ್ನು ಊರಲ್ಲಿ ಬಿಟ್ಟು ಬಂದು ದುಡಿಯುವ ನಮ್ಮ ಹುಡುಗರು ಆಗ ಗೇಟಿನ ಹೊರಗೇ ನಿಲ್ಲಬೇಕಾಗಿತ್ತು. ಅವರಿಗಾಗಿ ಮುಂದೆ ಕೈಗಾರಿಕಾ ಪ್ರದೇಶದ ಬಳಿ ಏಷ್ಯನ್ ಟೌನ್ ಎದ್ದಿತು, ಕ್ರಿಕೆಟ್ ಕ್ರೀಡಾಂಗಣವೂ ಆಯಿತು. ಒಳ್ಳೆಯದೇ. ಆದರೆ ನಮ್ಮ ಆಟೋಟದ ಪಟ್ಟಿಯಲ್ಲಿ ದಂಪತಿಗಳ ಸ್ಪರ್ಧೆ, ಮಕ್ಕಳ ಸ್ಪರ್ಧೆ ಇರುವಷ್ಟು ಅವರಿಗೆ ಜಾಗವಿದೆಯೇ?

ಈಗ ಹೇಳಲೇಬೇಕಾದ ಮಾತು. ಕಳೆದ ಸಲದ ನಮ್ಮ ಕ್ರೀಡಾಕೂಟಕ್ಕೆ ಸದಸ್ಯರೊಬ್ಬರ ಮಗ ಬಂದಿದ್ದ. ಹನ್ನೊಂದು ವರ್ಷ, ಗಾಲಿಕುರ್ಚಿಯ ಹುಡುಗ. ಶಾಮಿಯಾನದ ನೆರಳಲ್ಲಿ ಕೂರಿಸಿದೆವು, ಜ್ಯೂಸ್ ಕೊಟ್ಟೆವು, ಅವನ ಕೈಯಿಂದ ಎರಡು ಬಹುಮಾನ ಕೊಡಿಸಿ ಫೋಟೋ ತೆಗೆದೆವು. ಆಡಿಸಲಿಲ್ಲ. ಸಂಜೆ ಹೊರಡುವಾಗ ಗಾಲಿ ಮರಳಿನಲ್ಲಿ ಹೂತಿತು, ನಾಲ್ಕು ಜನ ಎತ್ತಿದೆವು. "ಇರಲಿ ಬಿಡಿ ಡಾಕ್ಟ್ರೇ, ನಮಗಿದು ಅಭ್ಯಾಸವಾಗಿದೆ" ಎಂದರು ಅವನ ತಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷದ ಹಿಂದಿನ ಚೀಟಿಯನ್ನು ನಾನು, ನಾವೆಲ್ಲ ಸೇರಿ, ಮತ್ತೆ ಬರೆದುಕೊಟ್ಟಿದ್ದೆವು. ಈ ಸಲ ಮೊಹರು ಮಾತ್ರ ಇರಲಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಕೂಟಕ್ಕೆ ಗಟ್ಟಿ ನೆಲದ ಮೈದಾನವನ್ನೇ ಹುಡುಕೋಣ. ಕುಳಿತು ಚೆಂಡು ಎಸೆಯುವ ಸ್ಪರ್ಧೆಯೊಂದನ್ನು ಇಡೋಣ, ಅದರಲ್ಲಿ ಎಲ್ಲರೂ ಕುಳಿತೇ ಎಸೆಯಲಿ, ನಡೆಯಬಲ್ಲವರೂ ಕೂಡ. ಒಂಟಿಯಾಗಿರುವ ಹುಡುಗರಿಗೆ ಬಸ್ಸಿನ ಏರ್ಪಾಡು ಮಾಡಿ ಹಗ್ಗಜಗ್ಗಾಟಕ್ಕೆ ಕರೆಯೋಣ. ಖರ್ಚು ಹೆಚ್ಚಾಗದು.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿ ಈ ಸಂಗತಿ ಹೇಳಿದೆ. "ಅಂಕಲ್, ನೀವೂ ಆಡ್ತೀರಾ?" ಎಂದ. ಮಂಡಿನೋವಿನ ನೆಪ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಕುಳಿತು ಎಸೆಯುವುದಕ್ಕೆ ಮಂಡಿ ಏಕೆ ಬೇಕು? ಪಟ್ಟಿಯಲ್ಲಿ ಅವನ ಹೆಸರು ಮೊದಲನೆಯದು, ನನ್ನದು ಎರಡನೆಯದು. ಮೂರನೆಯದು ಯಾರದು, ನೀವೇ ತಿಳಿಸಿ.